ಯೋಗಕ್ಕಾಗಿ ಬಾಲಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಿಗೆ ಹೋಗಿ ಒಂದಷ್ಟು ದಿನ ಯೋಗ ಮಾಡಿಕೊಂಡು, ಆ ನಾಡನ್ನೂ ನೋಡಿ ಬರಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇನೆ. ವೀಸಾ, ಶುಲ್ಕಗಳ ನಿಯಮ ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಮಾಡಿಸುವ ಮೊದಲು ಇಂಡೋನೇಷ್ಯಾ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಯೋಗ ನಮ್ಮದೇ ಅಲ್ಲವೇ, ಅದಕ್ಕೆ ಬಾಲಿಯವರೆಗೆ ಯಾಕೆ ಹೋಗಬೇಕು?

ಆಸನ, ಪ್ರಾಣಾಯಾಮ ಕಲಿಯುವುದಷ್ಟೇ ಗುರಿಯಾದರೆ ಹೋಗಬೇಕಾಗಿಯೇ ಇಲ್ಲ. ಬಾಲಿಯ ಉಬುದ್, ಚಾಂಗು ಊರುಗಳ ಯೋಗಶಾಲೆಗಳ ವೇಳಾಪಟ್ಟಿಯಲ್ಲಿ ‘ಮೈಸೂರು ಸ್ಟೈಲ್’ ಎಂಬ ತರಗತಿ ಕಾಣಿಸುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಪಾಠ ಹೇಳುತ್ತಿದ್ದರು. ಅವರ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ನೆಲೆಸಿ ಬೆಳೆಸಿದ ಅಷ್ಟಾಂಗ ವಿನ್ಯಾಸ ಪದ್ಧತಿಯೇ ಈಗ ಮೈಸೂರಿನ ಹೆಸರು ಹೊತ್ತು ಬಾಲಿಯಲ್ಲೂ ಇದೆ. ಅದನ್ನು ಮೂಲದಲ್ಲೇ ಕಲಿಯಬೇಕು ಎನ್ನುವವರಿಗೆ ಮೈಸೂರಿನ ಗೋಕುಲಂ ಬಡಾವಣೆಯೇ ಹತ್ತಿರ.

ಬಾಲಿಯಲ್ಲಿ ಸಿಗುವುದು ಬೇರೆ. ನಮಗೆ ಗೊತ್ತಿರುವ ದೇವರು, ಮಂತ್ರ, ಹೂವು, ತೀರ್ಥ ಎಲ್ಲವೂ ಅಲ್ಲಿವೆ. ಯಾವುದೂ ನಮ್ಮ ಮನೆಯ ಕ್ರಮದಲ್ಲಿಲ್ಲ. ಬೆಳಗಿನ ಅಭ್ಯಾಸ ಮುಗಿಸಿ ಬೀದಿಗೆ ಬಂದರೆ ಇಡೀ ಊರೇ ಪೂಜೆಯಲ್ಲಿರುತ್ತದೆ. ಕಣ್ಣು ತೆರೆದು ನೋಡುವವರಿಗೆ ಆ ಎರಡೂ ಸೇರಿ ಕೊಡುವ ಪಾಠ ಮನೆಯ ಪಕ್ಕದ ಯೋಗ ತರಗತಿಯಲ್ಲಿ ಸಿಗುವುದಿಲ್ಲ.

ಅಲ್ಲಿ ಕಲಿಸುವುದು ಬಾಲಿಯದ್ದೇ ಆದ ಯೋಗವೇ?

ಬಹುಪಾಲು ಅಲ್ಲ. ವಿನ್ಯಾಸ, ಯಿನ್, ಹಠ ಎಂದು ಫಲಕ ಹಾಕಿರುವ ತರಗತಿಗಳು ಕಳೆದ ಕೆಲವು ದಶಕಗಳಲ್ಲಿ ಪ್ರವಾಸಿಗರ ಜೊತೆಗೆ ಬಂದವು. ಕಲಿಸುವವರಲ್ಲಿ ಆಸ್ಟ್ರೇಲಿಯಾ, ಯುರೋಪ್, ಅಮೆರಿಕದವರೇ ಹೆಚ್ಚು. ಬಾಲಿಯ ಶಿಕ್ಷಕರೂ ಇದ್ದಾರೆ. ಅವರ ತರಗತಿ ಸಿಕ್ಕರೆ ಬಿಡಬೇಡಿ.

ಹಾಗೆಂದು ಬಾಲಿಗೆ ತನ್ನದೇ ಯೋಗ ಪರಂಪರೆ ಇಲ್ಲವೆಂದಲ್ಲ. ಹಳೆಯ ಜಾವಾ ಭಾಷೆಯ ಶೈವ ಗ್ರಂಥಗಳು ತಾಳೆಗರಿಯಲ್ಲಿ ಉಳಿದುಬಂದದ್ದು ಹೆಚ್ಚಾಗಿ ಬಾಲಿಯಲ್ಲೇ. ಅವುಗಳಲ್ಲಿ ಷಡಂಗ ಯೋಗದ ವಿವರಣೆ ಇದೆ: ಪ್ರತ್ಯಾಹಾರ, ಧ್ಯಾನ, ಪ್ರಾಣಾಯಾಮ, ಧಾರಣ, ತರ್ಕ, ಸಮಾಧಿ. ಪತಂಜಲಿಯ ಎಂಟು ಅಂಗಗಳಲ್ಲಿರುವ ಯಮ, ನಿಯಮ, ಆಸನಗಳು ಈ ಆರರಲ್ಲಿ ಇಲ್ಲ, ತರ್ಕ ಸೇರಿದೆ. ಪೆದಂಡ ಎಂದು ಕರೆಯುವ ಪುರೋಹಿತರು ಮುಂಜಾನೆ ಮಾಡುವ ಸೂರ್ಯಸೇವನ ವಿಧಿಯಲ್ಲಿ ಮುದ್ರೆ, ಮಂತ್ರ, ಉಸಿರಿನ ನಿಯಮ ಎಲ್ಲವೂ ಸೇರಿ ತೀರ್ಥ ಸಿದ್ಧವಾಗುತ್ತದೆ. ಇದು ಹಣ ಕೊಟ್ಟು ಸೇರುವ ತರಗತಿಯಲ್ಲ, ದೀಕ್ಷೆ ಪಡೆದವರ ನಿತ್ಯಕರ್ಮ. ತಾಳೆಗರಿಗಳನ್ನು ನೋಡುವ ಆಸೆಯಿದ್ದರೆ ಉತ್ತರದ ಸಿಂಗರಾಜದಲ್ಲಿ 1928ರಲ್ಲಿ ಶುರುವಾದ ಗೆದೋಂಗ್ ಕೀರ್ತ್ಯ ಗ್ರಂಥಾಲಯಕ್ಕೆ ಹೋಗಿ. ಉಬುದ್‌ನಿಂದ ಅರ್ಧ ದಿನದ ಬೆಟ್ಟದ ದಾರಿ. ಪ್ರವಾಸಿಗರು ಆ ಕಡೆ ಸುಳಿಯುವುದೇ ಕಡಿಮೆ.

ಪೂರ್ವ ಕರಾವಳಿಯ ಚಾಂದಿದಾಸದಲ್ಲಿರುವ ಗಾಂಧಿ ಆಶ್ರಮವನ್ನೂ ಹೇಳದಿರಲಾರೆ. ಗೆದೋಂಗ್ ಬಾಗುಸ್ ಓಕಾ ಎಂಬ ಬಾಲಿಯ ಗಾಂಧಿವಾದಿ ಮಹಿಳೆ 1976ರಲ್ಲಿ ಅದನ್ನು ಕಟ್ಟಿದರು. ಅವರಿಗೆ 1994ರಲ್ಲಿ ಜಮ್ನಾಲಾಲ್ ಬಜಾಜ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಪ್ರಾರ್ಥನೆ, ಯೋಗ, ಸಸ್ಯಾಹಾರ, ದುಡಿಮೆ ಇವು ಆ ಜಾಗದ ಆಧಾರ. ಈಜುಕೊಳ, ಮಸಾಜ್ ಬಯಸುವವರಿಗೆ ಅದು ಸರಿಹೋಗದು. ಯೋಗವನ್ನು ಬದುಕುವ ರೀತಿಯೆಂದು ನಂಬಿದವರಿಗೆ ಉಬುದ್‌ನ ಎಷ್ಟೋ ದುಬಾರಿ ಶಿಬಿರಗಳಿಗಿಂತ ಹೆಚ್ಚು ಹಿಡಿಸುತ್ತದೆ.

ಅವರೂ ಹಿಂದೂಗಳೇ. ನಮಗೆ ಅಪರಿಚಿತ ಎನ್ನುವಂಥದ್ದು ಏನಿರುತ್ತದೆ?

ಈ ಪ್ರಶ್ನೆಗೇ ಹೆಚ್ಚು ಹೊತ್ತು ಕೊಡಬೇಕು. ಭಾರತದಿಂದ ಹೋದವರು ಬಾಲಿಯಲ್ಲಿ ಎಡವುವುದು ಇಲ್ಲೇ. ಯುರೋಪಿನವರಿಗೆ ಎಲ್ಲವೂ ಹೊಸದು, ಹಾಗಾಗಿ ಕೇಳಿ ತಿಳಿಯುತ್ತಾರೆ. ನಮಗೆ ಗಣೇಶ ಕಂಡ ತಕ್ಷಣ ಎಲ್ಲ ಗೊತ್ತು ಅನಿಸಿಬಿಡುತ್ತದೆ. ‘ಇದು ಹೀಗಲ್ಲ, ನಮ್ಮಲ್ಲಿ ಹೀಗೆ ಮಾಡುತ್ತೇವೆ’ ಎಂದು ಅಲ್ಲಿನವರಿಗೇ ತಿಳಿಹೇಳುವವರನ್ನು ನೋಡಿದ್ದೇನೆ. ಬಾಲಿಯವರು ಎದುರು ಮಾತಾಡುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಆ ನಗುವನ್ನು ಒಪ್ಪಿಗೆ ಎಂದುಕೊಳ್ಳಬಾರದು.

ಅಲ್ಲಿನ ದೇವಸ್ಥಾನದಲ್ಲಿ ಗರ್ಭಗುಡಿಯ ವಿಗ್ರಹಕ್ಕೆ ಅಭಿಷೇಕ, ಮಂಗಳಾರತಿ ಹುಡುಕಿದರೆ ಸಿಗುವುದಿಲ್ಲ. ಬಯಲಿನ ಅಂಗಳ, ಹುಲ್ಲಿನಂಥ ಕಪ್ಪು ನಾರಿನ ಮಾಡಿನ ಗೋಪುರಗಳು, ಪದ್ಮಾಸನ ಎಂಬ ಎತ್ತರದ ಕಲ್ಲಿನ ಪೀಠ. ಪೀಠ ಖಾಲಿಯಾಗಿರುತ್ತದೆ. ಸಾಂಗ್ ಹ್ಯಾಂಗ್ ವಿಧಿ ಎಂಬ ಪರಮಾತ್ಮನಿಗೆ ಅದು ಆಸನ. ಉತ್ಸವದ ದಿನ ದೇವತೆಗಳು, ಪಿತೃಗಳು ಇಳಿದುಬಂದು ಕೂರುತ್ತಾರೆ, ಮುಗಿದ ಮೇಲೆ ಮರಳುತ್ತಾರೆ ಎಂಬುದು ನಂಬಿಕೆ. ಹಾಗಾಗಿ ಉಳಿದ ದಿನಗಳಲ್ಲಿ ದೊಡ್ಡ ದೇವಸ್ಥಾನವೂ ಬಿಕೋ ಎನ್ನುತ್ತದೆ.

ನಿತ್ಯ ಮೂರು ಹೊತ್ತು ತ್ರಿಸಂಧ್ಯಾ ಪ್ರಾರ್ಥನೆ ಇದೆ, ಅದು ಗಾಯತ್ರಿ ಮಂತ್ರದಿಂದಲೇ ಶುರುವಾಗುತ್ತದೆ. ಧ್ವನಿವರ್ಧಕದಲ್ಲಿ ಕೇಳಿದಾಗ ಸ್ವರ ಬೇರೆ, ಉಚ್ಚಾರ ಬೇರೆ. ಆದರೂ ಮೈ ಜುಮ್ಮೆನ್ನುತ್ತದೆ. ಸರಸ್ವತಿ ಹಬ್ಬವೂ ಇದೆ, 210 ದಿನಕ್ಕೊಮ್ಮೆ. ಅಂದು ಪುಸ್ತಕ, ತಾಳೆಗರಿಗಳಿಗೆ ಪೂಜೆ, ಓದು ಬರಹ ಇಲ್ಲ. ಮರುದಿನ ಬೆಳಗ್ಗೆ ಸಮುದ್ರಕ್ಕೋ ಬುಗ್ಗೆಗೋ ಹೋಗಿ ಮೀಯುತ್ತಾರೆ. ಇಂಥದ್ದನ್ನು ಕಂಡಾಗ ‘ನಮ್ಮದೇ’ ಎಂದು ಹೇಳಿಕೊಳ್ಳುವ ಆತುರ ಬರುತ್ತದೆ. ಸಾವಿರ ವರ್ಷಕ್ಕೂ ಮಿಕ್ಕಿ ಆ ದ್ವೀಪದ ಜನ ಅದನ್ನು ತಮ್ಮ ಹಿರಿಯರ ಆರಾಧನೆ, ತಮ್ಮ ಗದ್ದೆ, ತಮ್ಮ ಬೆಟ್ಟದ ಜೊತೆ ಹೆಣೆದು ಬೆಳೆಸಿದ್ದಾರೆ. ಅದು ಅವರದು. ನಾವು ಅತಿಥಿಗಳು.

ದಾರಿ ತುಂಬ ಹೂವಿನ ತಟ್ಟೆಗಳು ಇರುತ್ತವೆ ಎನ್ನುತ್ತಾರೆ. ತುಳಿದರೆ ದೋಷವೇ?

ಚನಂಗ್ ಸಾರಿ ಎಂಬ ನಿತ್ಯ ನೈವೇದ್ಯ ಅದು. ಎಳೆ ತೆಂಗಿನ ಗರಿಯನ್ನು ಕತ್ತರಿಸಿ, ದೊನ್ನೆ ಹಚ್ಚುವಂತೆ ಬಿದಿರ ಕಡ್ಡಿ ಚುಚ್ಚಿ ಅಂಗೈಯಗಲದ ತಟ್ಟೆ ಮಾಡುತ್ತಾರೆ. ತಳದಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಪುಟ್ಟ ಸುರುಳಿ. ಅದರ ಮೇಲೆ ದಿಕ್ಕಿಗೊಂದು ಬಣ್ಣದ ಹೂವು: ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಕೊನೆಯಲ್ಲಿ ಸಣ್ಣಗೆ ಹೆಚ್ಚಿದ ಕೇದಗೆ ಜಾತಿಯ ಎಲೆ, ಕೆಲವೊಮ್ಮೆ ಒಂದು ಬಿಸ್ಕತ್ತು, ಚಿಲ್ಲರೆ ಕಾಸು. ಸೊಂಟಕ್ಕೆ ಶಲ್ಯ ಬಿಗಿದ ಹೆಂಗಸು ಅಗರಬತ್ತಿ ಹಚ್ಚಿ, ಹೂವಿನಿಂದ ತೀರ್ಥ ಚಿಮುಕಿಸಿ, ಹೊಗೆಯನ್ನು ಅಂಗೈಯಿಂದ ಮೆಲ್ಲಗೆ ದೇವರತ್ತ ಸರಿಸುತ್ತಾಳೆ. ಮುಂದಿನ ಗೂಡಿಗೆ ಹೋಗುತ್ತಾಳೆ. ಮನೆ, ಅಂಗಡಿ, ಸ್ಕೂಟರ್, ಯೋಗಶಾಲೆಯ ಬಾಗಿಲು, ಎಲ್ಲದಕ್ಕೂ ಸಲ್ಲಬೇಕು.

ನೆಲದ ಮೇಲಿಡುವುದು ಭೂತಗಣಗಳಿಗೆ. ಅಗರಬತ್ತಿ ಉರಿಯುತ್ತಿರುವಾಗ ದಾಟಬೇಡಿ, ಬಳಸಿಕೊಂಡು ಹೋಗಿ. ಉರಿದು ಮುಗಿದ ಮೇಲೆ ಕೋಳಿ, ನಾಯಿ ತಿಂದರೂ ಯಾರೂ ಓಡಿಸುವುದಿಲ್ಲ. ಆಗ ಕಾಲು ತಾಗಿದರೆ ಗಾಬರಿ ಬೇಡ. ಫೋಟೊಗಾಗಿ ಜೋಡಣೆ ಬದಲಿಸುವುದು, ಹೂವು ಎತ್ತಿ ಕಿವಿಗೆ ಸಿಕ್ಕಿಸಿಕೊಳ್ಳುವುದು ಮಾತ್ರ ನಿಜವಾದ ಅವಿವೇಕ.

ದೇವಸ್ಥಾನಕ್ಕೆ ಹೋಗುವ ನಿಯಮಗಳೇನು? ತೀರ್ಥಸ್ನಾನ ಮಾಡಬಹುದೇ?

ಸೊಂಟದಿಂದ ಕೆಳಗೆ ಸರೋಂಗ್ ಎಂಬ ಉಡುವ ಬಟ್ಟೆ, ಅದರ ಮೇಲೆ ಸೆಲೆಂದಾಂಗ್ ಎಂಬ ಪಟ್ಟಿ. ಗಂಡಸರಿಗೂ ಇದೇ. ಭುಜ ಮುಚ್ಚಿರಲಿ. ಮುಟ್ಟಾದವರು, ಸಾವಿನ ಸೂತಕದಲ್ಲಿರುವವರು ಒಳಗೆ ಹೋಗುವಂತಿಲ್ಲ. ಇದನ್ನು ಫಲಕದಲ್ಲೇ ಬರೆದಿರುತ್ತಾರೆ. ಪೂಜೆ ಮಾಡುತ್ತಿರುವವರ ಮುಂದೆ ನಿಲ್ಲಬೇಡಿ, ಅರ್ಚಕರಿಗಿಂತ ಎತ್ತರದ ಜಾಗ ಹತ್ತಬೇಡಿ. ದೇವಸ್ಥಾನದ ಗೋಡೆಯ ಮೇಲೋ ಪವಿತ್ರ ಮರದ ಮೇಲೋ ಯೋಗದ ಭಂಗಿಯಲ್ಲಿ ಫೋಟೊ ತೆಗೆಸಿಕೊಳ್ಳುವ ಚಾಳಿ ಇದೆ. ಅಂಥ ನಡತೆಗೆ ವಿದೇಶಿಯರನ್ನು ಗಡೀಪಾರು ಮಾಡಿದ್ದುಂಟು.

ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ದೇವಸ್ಥಾನದಲ್ಲಿ ‘ಮೆಲುಕಾತ್’ ಎಂಬ ಶುದ್ಧಿಸ್ನಾನಕ್ಕೆ ಹೊರಗಿನವರಿಗೂ ಅವಕಾಶವಿದೆ. ಬುಗ್ಗೆಯ ನೀರು, ಕ್ರಿ.ಶ. 962ರಷ್ಟು ಹಳೆಯ ಜಾಗ. ನೀರಿಗಿಳಿಯಲು ಬೇರೆ ಸರೋಂಗ್ ಕೊಡುತ್ತಾರೆ. ಮೊದಲು ನೈವೇದ್ಯ ಇಟ್ಟು ಪ್ರಾರ್ಥನೆ, ಆಮೇಲೆ ಎಡಗಡೆಯಿಂದ ನೀರು ಸುರಿಯುವ ಒಂದೊಂದೇ ದೋಣಿಗೆ ತಲೆಯೊಡ್ಡಬೇಕು. ಸಾಲಿನಲ್ಲಿ ಎರಡು ದೋಣಿಗಳು ಸತ್ತವರ ಕರ್ಮಕ್ಕೆ ಸಂಬಂಧಿಸಿದವು, ಅವನ್ನು ಬಿಟ್ಟು ಮುಂದೆ ಹೋಗಬೇಕು. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆಯ ಮೇಲೆ ಅದು ಸರತಿ ಸಾಲು, ಬೇರೇನಲ್ಲ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಜನಸಂದಣಿ, ದರವೂ ಏರಿರುತ್ತದೆ. ನನ್ನ ಆಯ್ಕೆ ಮೇ ಅಥವಾ ಸೆಪ್ಟೆಂಬರ್.

ಹಬ್ಬಗಳನ್ನು ನೋಡಿ ದಿನ ಗೊತ್ತುಮಾಡುವುದು ಇನ್ನೂ ಒಳ್ಳೆಯದು. ನ್ಯೆಪಿ ಅವರ ಶಕ ಸಂವತ್ಸರದ ಹೊಸ ವರ್ಷ, ನಮ್ಮ ಶಾಲಿವಾಹನ ಶಕೆಯದೇ ಲೆಕ್ಕ. 2026ರಲ್ಲಿ ಅದೂ ಯುಗಾದಿಯೂ ಒಂದೇ ದಿನ, ಮಾರ್ಚ್ 19. ನಮ್ಮಲ್ಲಿ ಹೋಳಿಗೆ ಊಟ, ಅಲ್ಲಿ ಪೂರ್ಣ ಮೌನ. ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ಬೆಂಕಿ ಬೆಳಕಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮೋಜಿಲ್ಲ. ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. ಪೆಚಲಾಂಗ್ ಎಂಬ ಊರ ಕಾವಲುಗಾರರು ಮಾತ್ರ ಬೀದಿಯಲ್ಲಿ. ಪ್ರವಾಸಿಗರು ತಂಗಿದ ಜಾಗ ಬಿಟ್ಟು ಹೊರಬರುವಂತಿಲ್ಲ. ಹಿಂದಿನ ರಾತ್ರಿ ಓಗೊ ಓಗೊ ಎಂಬ ದೈತ್ಯಾಕಾರದ ಬೊಂಬೆಗಳ ಮೆರವಣಿಗೆ, ಕಿವಿಗಡಚಿಕ್ಕುವ ಸದ್ದು. ಮರುದಿನ ನಾಯಿ ಬೊಗಳಿದ್ದೂ ದೂರದಿಂದ ಕೇಳುತ್ತದೆ. ಧ್ಯಾನ ಶಿಬಿರಕ್ಕೆ ದುಡ್ಡು ಕೊಡುವ ಯೋಚನೆಯಲ್ಲಿದ್ದರೆ, ಆ ಹೊತ್ತಿಗೆ ಬಾಲಿಯ ಯಾವುದಾದರೂ ಮನೆಯಲ್ಲಿ ತಂಗಿ. ಇಡೀ ದ್ವೀಪವೇ ನಿಮ್ಮೊಡನೆ ಮೌನಕ್ಕೆ ಕೂರುತ್ತದೆ.

ಗಲುಂಗಾನ್ 210 ದಿನಕ್ಕೊಮ್ಮೆ ಬರುತ್ತದೆ. 2026ರಲ್ಲಿ ಜೂನ್ 17. ಮನೆಮನೆಯ ಮುಂದೆ ಪೆಂಜೋರ್ ಎಂಬ ಬಾಗಿದ ಬಿದಿರ ಕಂಬ ನಿಂತು ಬೀದಿಗಳೇ ಚಪ್ಪರವಾಗುತ್ತವೆ. ಹತ್ತು ದಿನದ ಮೇಲೆ ಕುನಿಂಗಾನ್.

ಇನ್ನೊಂದು: ಅಷ್ಟಾಂಗ ಸಂಪ್ರದಾಯದ ಶಾಲೆಗಳಿಗೆ ಹುಣ್ಣಿಮೆ, ಅಮಾವಾಸ್ಯೆಯಂದು ರಜೆ. ಬಾಲಿಯವರು ದೇವಸ್ಥಾನಕ್ಕೆ ಹೋಗುವುದೂ ಅವೇ ದಿನ. ರಜೆ ಎಂದು ಮಲಗಬೇಡಿ.

ವೀಸಾ, ಕಾಗದಪತ್ರ?

ಭಾರತೀಯರಿಗೆ ಇಳಿದ ಮೇಲೆ ಕೊಡುವ ವೀಸಾ ಇದೆ: 5 ಲಕ್ಷ ರುಪಿಯಾ (ಇಂಡೋನೇಷ್ಯಾದ ಹಣ, ನಮ್ಮ ರೂಪಾಯಿಯಲ್ಲ), 30 ದಿನ, ಇನ್ನೊಮ್ಮೆ 30 ದಿನ ವಿಸ್ತರಿಸಬಹುದು. ಮೊದಲೇ ಆನ್‌ಲೈನಲ್ಲಿ ಪಡೆದರೆ ಸಾಲು ತಪ್ಪುತ್ತದೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ವಾಪಸ್ ಟಿಕೆಟ್ ಬೇಕು. ಬಾಲಿ ಪ್ರಾಂತ್ಯದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ, 2024ರ ಫೆಬ್ರವರಿ 14ರಿಂದ ಜಾರಿಯಲ್ಲಿದೆ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ.

ನಾನು ಯೋಗ ಶಿಕ್ಷಕಿ. ಅಲ್ಲಿ ಒಂದೆರಡು ತರಗತಿ ತೆಗೆದುಕೊಳ್ಳಬಹುದೇ?

ಬೇಡ. ಪ್ರವಾಸಿ ವೀಸಾದಲ್ಲಿ ಪಾಠ ಮಾಡುವುದು ಕೆಲಸ ಮಾಡಿದಂತೆಯೇ. ಸಂಬಳವಿಲ್ಲ, ಊಟ ವಸತಿಗೆ ಬದಲಾಗಿ ಎಂದರೂ ಕಾನೂನು ಬಿಡುವುದಿಲ್ಲ. ಸಿಕ್ಕಿಬಿದ್ದರೆ ಗಡೀಪಾರು.

ಯೋಗಶಾಲೆ ಆರಿಸುವುದು ಹೇಗೆ? 200 ಗಂಟೆಯ ಪ್ರಮಾಣಪತ್ರಕ್ಕೆ ಬೆಲೆ ಇದೆಯೇ?

ಮೊದಲ ಸಲ ಹೋಗುವವರು ಶಿಬಿರಕ್ಕೆ ಪೂರ್ತಿ ಹಣ ಕಟ್ಟಿ ಸಿಕ್ಕಿಹಾಕಿಕೊಳ್ಳಬೇಡಿ. ಉಬುದ್‌ನಲ್ಲಿ ಬಿಡಿ ತರಗತಿಗಳು ಬೇಕಾದಷ್ಟಿವೆ, ಒಂದಕ್ಕೆ ಒಂದೂವರೆ ಲಕ್ಷ ರುಪಿಯಾ ಆಸುಪಾಸು. ಹತ್ತು ತರಗತಿಯ ಪಾಸ್ ಕೊಂಡರೆ ಅಗ್ಗ. ಬೇರೆ ಬೇರೆ ಕಡೆ ಹೋಗಿ ನೋಡಿ, ಹಿಡಿಸಿದ ಶಿಕ್ಷಕರ ಬಳಿ ನಿಲ್ಲಿ.

200 ಗಂಟೆಯ ಶಿಕ್ಷಕ ತರಬೇತಿ ಮೂರು ನಾಲ್ಕು ವಾರ ನಡೆಯುತ್ತದೆ. ಅದರ ಮೇಲೆ ಕಾಣುವ ‘ಯೋಗ ಅಲೈಯನ್ಸ್’ ಅಮೆರಿಕದ ಒಂದು ಸಂಸ್ಥೆಯ ನೋಂದಣಿ, ಯಾವ ಸರ್ಕಾರದ ಪರವಾನಗಿಯೂ ಅಲ್ಲ. ಭಾರತದಲ್ಲಿ ಆಯುಷ್ ಸಚಿವಾಲಯದಡಿಯ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆಗಳೇ ಬೇರೆ. ಪಾಠ ಹೇಳಿಯೇ ಜೀವನ ಮಾಡಬೇಕು ಎನ್ನುವವರು ಇದನ್ನು ಯೋಚಿಸಿ ಹಣ ಹಾಕಿ.

ಕಟ್ಟುವ ಮುನ್ನ ನೇರವಾಗಿ ಕೇಳಿ: ಜಾಹೀರಾತಿನಲ್ಲಿರುವ ಮುಖ್ಯ ಶಿಕ್ಷಕರು ಎಷ್ಟು ಗಂಟೆ ತಾವೇ ಕಲಿಸುತ್ತಾರೆ? ಒಂದು ತಂಡದಲ್ಲಿ ಎಷ್ಟು ಜನ? ಬೆನ್ನು, ಮಂಡಿ ನೋವಿದ್ದವರಿಗೆ ಏನು ವ್ಯವಸ್ಥೆ? ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ಸೇ? ಮೈಮುಟ್ಟಿ ಭಂಗಿ ತಿದ್ದುವ ಮೊದಲು ಒಪ್ಪಿಗೆ ಕೇಳುತ್ತಾರೆಯೇ? ಕೊನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಆ ಜಾಗ ಬೇಡವೇ ಬೇಡ.

ಇಂಡೋನೇಷ್ಯಾ ಮುಸ್ಲಿಂ ಬಹುಸಂಖ್ಯಾತ ದೇಶ. ಯೋಗಕ್ಕೆ ಅಡ್ಡಿಯಿಲ್ಲವೇ?

ಬಾಲಿಯ ಜನಸಂಖ್ಯೆಯಲ್ಲಿ ಹಿಂದೂಗಳೇ ನೂರಕ್ಕೆ 85ಕ್ಕಿಂತ ಹೆಚ್ಚು. 2009ರಲ್ಲಿ ಇಂಡೋನೇಷ್ಯಾದ ಉಲೇಮಾ ಮಂಡಳಿ ಮಂತ್ರ, ಪೂಜಾವಿಧಿ ಸೇರಿದ ಯೋಗ ಮುಸ್ಲಿಮರಿಗೆ ಸಲ್ಲದು, ಬರೀ ವ್ಯಾಯಾಮವಾದರೆ ಆಗಬಹುದು ಎಂದು ಫತ್ವಾ ಕೊಟ್ಟಿತ್ತು. ಅದು ಅವರ ಸಮುದಾಯದ ಮಾತು. ಬಾಲಿಯ ತರಗತಿಗಳಿಗೆ ತೊಂದರೆಯಾಗಿಲ್ಲ.

ಸಸ್ಯಾಹಾರಿಗಳು ಏನು ತಿನ್ನುವುದು?

ಉಬುದ್‌ನಲ್ಲಿ ಚಿಂತೆಯಿಲ್ಲ. ಊರೊಳಗಿನ ವಾರುಂಗ್‌ಗಳಲ್ಲಿ, ಅಂದರೆ ಸಣ್ಣ ಊಟದಂಗಡಿಗಳಲ್ಲಿ, ಎಚ್ಚರ ಬೇಕು. ಬಾಲಿಯವರು ಮಾಂಸಾಹಾರಿಗಳು, ಹಬ್ಬದಡುಗೆಯಲ್ಲಿ ಹಂದಿಮಾಂಸ ಮುಖ್ಯ. ತರಕಾರಿ ಪಲ್ಯ, ಸಾಂಬಾಲ್ ಚಟ್ನಿಯಲ್ಲೂ ತೆರಾಸಿ ಎಂಬ ಸಿಗಡಿ ಮುದ್ದೆ ಅಡಗಿರುತ್ತದೆ. ‘ತನ್ಪಾ ತೆರಾಸಿ’ ಎಂದರೆ ಅದು ಬೇಡ ಎಂದು. ‘ತನ್ಪಾ ಡಾಗಿಂಗ್, ತನ್ಪಾ ಇಕಾನ್, ತನ್ಪಾ ತೆಲೂರ್’ ಎಂದರೆ ಮಾಂಸ, ಮೀನು, ಮೊಟ್ಟೆ ಬೇಡ. ಸೋಯಾದಿಂದ ಮಾಡುವ ತೆಂಪೆ, ತಾಹು, ತರಕಾರಿಗೆ ಕಡಲೆಕಾಯಿ ಗೊಜ್ಜು ಸುರಿದ ಗಾಡೊ ಗಾಡೊ ನಿಮ್ಮನ್ನು ಕಾಪಾಡುತ್ತವೆ. ಅವರು ಏನು ತಿನ್ನುತ್ತಾರೆಂದು ಮೂಗು ಮುರಿಯುವುದು ಬೇಡ.

ಹಣದ ವಿಚಾರ?

ನಮ್ಮ ಒಂದು ರೂಪಾಯಿಗೆ ಸುಮಾರು 180–190 ರುಪಿಯಾ. ಸೊನ್ನೆಗಳು ತಲೆ ತಿರುಗಿಸುತ್ತವೆ, ನೋಟು ಕೊಡುವಾಗ ನಿಧಾನಿಸಿ. ಬೀದಿಬದಿಯಲ್ಲಿ ಎಲ್ಲರಿಗಿಂತ ಹೆಚ್ಚು ದರ ಬರೆದವರ ಬಳಿ ಹಣ ಬದಲಿಸಬೇಡಿ, ಎಣಿಸಿ ಕೊಟ್ಟ ಕಂತೆಯಲ್ಲೇ ನೋಟು ಮಾಯವಾಗುತ್ತದೆ. ಬ್ಯಾಂಕಿನ ಒಳಗಿರುವ ಎಟಿಎಂ ವಾಸಿ. ಎಷ್ಟೋ ಯಂತ್ರಗಳಲ್ಲಿ ಹಣ ಮೊದಲು ಬಂದು ಕಾರ್ಡು ಆಮೇಲೆ ಬರುತ್ತದೆ, ಮರೆಯಬೇಡಿ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಲೇ?

ದ್ವಿಚಕ್ರ ವಾಹನ ನಮೂದಾಗಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದರೆ, ಹೆಲ್ಮೆಟ್ ಹಾಕಿದರೆ ಮಾತ್ರ. ಅದಿಲ್ಲದೆ ಬಿದ್ದರೆ ಪ್ರಯಾಣ ವಿಮೆ ಬಿಡಿಗಾಸೂ ಕೊಡುವುದಿಲ್ಲ. ಬಾಡಿಗೆ ವಾಹನ ಕರೆಸಲು ಗೊಜೆಕ್, ಗ್ರ್ಯಾಬ್ ಆ್ಯಪ್‌ಗಳಿವೆ. ಕೆಲವು ಊರುಗಳಲ್ಲಿ ಸ್ಥಳೀಯ ಚಾಲಕರು ಅವುಗಳಿಗೆ ಜನ ಹತ್ತಿಸಲು ಬಿಡುವುದಿಲ್ಲ. ಅಲ್ಲಿ ಜಗಳಕ್ಕಿಳಿಯದೆ ಊರಿನವರ ಕಾರನ್ನೇ ಗೊತ್ತುಮಾಡಿ.

ಆರೋಗ್ಯದ ಬಗ್ಗೆ ಏನು ಎಚ್ಚರ?

ನಲ್ಲಿ ನೀರು ಕುಡಿಯಬೇಡಿ. ಡೆಂಗಿ ಇದೆ, ಸಂಜೆಯ ತರಗತಿಗೆ ಸೊಳ್ಳೆ ಮುಲಾಮು ಹಚ್ಚಿಕೊಂಡು ಹೋಗಿ. ಎಲ್ಲಕ್ಕಿಂತ ಗಂಭೀರವಾದದ್ದು ರೇಬಿಸ್, 2008ರಿಂದ ದ್ವೀಪದಲ್ಲಿದೆ. ಉಬುದ್‌ನ ಮಂಗಗಳ ಕಾಡಿನಲ್ಲಿ ಕನ್ನಡಕ, ಬ್ಯಾಗಿಗೆ ಕೈಹಾಕುವ ಕೋತಿ ಪರಚಿದರೂ ಸರಿ, ಬೀದಿನಾಯಿ ಕಚ್ಚಿದರೂ ಸರಿ, ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಿ. ‘ಚಿಕ್ಕ ಗೀರು’ ಎಂದು ಮುಂದೂಡಬೇಡಿ.

ಬಿಸಿಲು ಸೆಕೆಯಲ್ಲಿ ದಿನಕ್ಕೆ ಎರಡು ಮೂರು ತರಗತಿ ಮಾಡುವ ಉಮೇದು ಮೊದಲ ವಾರದಲ್ಲಿ ಎಲ್ಲರಿಗೂ ಬರುತ್ತದೆ. ಒಂದು ಸಾಕು.

ಅಮಲಿನ ಅಣಬೆ, ಗಾಂಜಾ ಎಂದೆಲ್ಲ ಕೇಳುತ್ತೇವೆ?

‘ಆಧ್ಯಾತ್ಮಿಕ ಅನುಭವ’ದ ಹೆಸರಲ್ಲಿ ಯಾರೇ ಕೊಟ್ಟರೂ ಮುಟ್ಟಬೇಡಿ. ಇಂಡೋನೇಷ್ಯಾದ ಮಾದಕವಸ್ತು ಕಾನೂನಿನಲ್ಲಿ ಮರಣದಂಡನೆಯವರೆಗೂ ಶಿಕ್ಷೆ ಇದೆ. ನೋವಿಗೆಂದು ಇಟ್ಟುಕೊಳ್ಳುವ, ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯೂ ಅಲ್ಲಿ ಅಪರಾಧ.

ಹೆಂಗಸರು ಒಬ್ಬರೇ ಹೋಗಬಹುದೇ?

ಧಾರಾಳವಾಗಿ. ಉಬುದ್‌ನ ತರಗತಿಗಳಲ್ಲಿ ಒಂಟಿಯಾಗಿ ಬಂದ ಮಹಿಳೆಯರೇ ಹೆಚ್ಚು. ರಾತ್ರಿ ಗದ್ದೆಯಂಚಿನ ಕತ್ತಲ ದಾರಿ ಬೇಡ, ಪರ್ಸನ್ನು ಸ್ಕೂಟರ್‌ನ ಬದಿಗೆ ನೇತುಹಾಕಬೇಡಿ.

ಊರಿನ ಜನರ ಒಡನಾಟ ಸಿಗುವುದು ಹೇಗೆ?

ಶಿಬಿರದ ಗೇಟಿನೊಳಗೇ ಇದ್ದರೆ ಸಿಗುವುದಿಲ್ಲ. ಮನೆಯವರೇ ನಡೆಸುವ ಹೋಂಸ್ಟೇಯಲ್ಲಿ ಇಳಿದುಕೊಳ್ಳಿ. ಮನೆದೇವರ ಗುಡಿ, ಅಡುಗೆಮನೆ, ನಿಮ್ಮ ಕೋಣೆ ಎಲ್ಲ ಒಂದೇ ಅಂಗಳದ ಸುತ್ತ ಇರುತ್ತವೆ. ‘ಓಂ ಸ್ವಸ್ತ್ಯಸ್ತು’ ಎಂದು ಕೈಮುಗಿದು ಮಾತಾಡಿಸಿ. ಹೆಸರು ಕೇಳಿದರೆ ವಯಾನ್, ಮಡೆ, ನ್ಯೋಮಾನ್, ಕೆತುತ್ ಎಂಬುವೇ ಮತ್ತೆ ಮತ್ತೆ ಬರುತ್ತವೆ. ಹುಟ್ಟಿದ ಕ್ರಮಕ್ಕೆ ತಕ್ಕ ಹೆಸರುಗಳು, ಗಂಡು ಹೆಣ್ಣು ಇಬ್ಬರಿಗೂ. ಹಿರಿಯ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಇಬು’ ಎನ್ನಿ. ಕೊಡುವುದು ತೆಗೆದುಕೊಳ್ಳುವುದು ಬಲಗೈಯಲ್ಲಿ, ಮಕ್ಕಳದ್ದಾದರೂ ತಲೆ ಮುಟ್ಟಬೇಡಿ.

ಸಂಜೆ ಬಂಜಾರ್‌ನ, ಎಂದರೆ ಕೇರಿಯ ಸಭಾಮಂಟಪದಲ್ಲಿ ಗಮೆಲಾನ್ ವಾದ್ಯದ ತಾಲೀಮು ನಡೆಯುತ್ತಿದ್ದರೆ ಅಂಚಿನಲ್ಲಿ ಕೂತು ಕೇಳಬಹುದು, ಯಾರೂ ಏಳಿಸುವುದಿಲ್ಲ. ಬೆಳಗ್ಗೆ ಮನೆಯ ಹೆಂಗಸರು ಗರಿ ಹೆಣೆಯಲು ಕೂತಾಗ ಪಕ್ಕದಲ್ಲಿ ಕೂತು ಕಲಿಸಿಕೊಡಿ ಎಂದು ಕೇಳಿ. ಬೆರಳಿಗೆ ಕಡ್ಡಿ ಚುಚ್ಚುತ್ತದೆ, ಅವರು ನಗುತ್ತಾರೆ, ಮಾತು ಶುರುವಾಗುತ್ತದೆ. ಮನೆಯ ಸಮಾರಂಭಕ್ಕೆ ಕರೆದರೆ ಯೋಗದ ತರಗತಿ ತಪ್ಪಿಸಿಯಾದರೂ ಹೋಗಿ. ಸರೋಂಗ್ ಉಡಿ, ಸಕ್ಕರೆ, ಕಾಫಿಪುಡಿ ಇಂಥದ್ದೇನಾದರೂ ಕೈಯಲ್ಲಿರಲಿ, ಕೂರಿಸಿದಲ್ಲಿ ಕೂರಿ. ಯಾವಾಗ ಏಳಬೇಕು ಎಂದು ತಿಳಿಯದಿದ್ದರೆ ಪಕ್ಕದವರನ್ನು ನೋಡಿಕೊಂಡು ಏಳಿ.